ವೃದ್ಧಾಶ್ರಮದಲ್ಲಿ ಆರೈಕೆ ಹೇಗಿದೆ ಎಂದು ನೋಡುವ ಬಗೆ

ತಂದೆತಾಯಿಗೆ ಆಶ್ರಮ ಹುಡುಕುವವರು ಸಾಮಾನ್ಯವಾಗಿ ಮೊದಲೇ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗುತ್ತಾರೆ. ಆಗ ನೆಲ ಒರೆಸಿ ಆಗಿರುತ್ತದೆ, ಹಿರಿಯರ ಸ್ನಾನ ಮುಗಿದಿರುತ್ತದೆ, ಮೇಲ್ವಿಚಾರಕರು ಕಾಫಿ ತರಿಸುತ್ತಾರೆ. ಆ ಭೇಟಿಯಿಂದ ಕಟ್ಟಡ ಹೇಗಿದೆ ಎಂದಷ್ಟೇ ತಿಳಿಯುತ್ತದೆ. ಆರೈಕೆಯನ್ನು ನೋಡಬೇಕಾದರೆ ಇನ್ನೊಂದು ದಿನ ಸಂಜೆ ಏಳರ ಸುಮಾರಿಗೆ, ಹಗಲಿನ ಆಯಾಗಳು ಹೊರಟು ರಾತ್ರಿ ಪಾಳಿಯವರು ಬರುವ ವೇಳೆಗೆ, ಊಟ ಬಡಿಸುತ್ತಿರುವಾಗ ಹೋಗಬೇಕು. ಆ ಹೊತ್ತಿನಲ್ಲಿ ಒಳಗೆ ಬಿಡುವುದೇ ಇಲ್ಲ ಎನ್ನುವ ಕಡೆ ನಾನಾದರೆ ಸೇರಿಸುವುದಿಲ್ಲ.

ನಮ್ಮ ಸೋದರತ್ತೆಗೆ ಪಾರ್ಶ್ವವಾಯುವಾಗಿ ಎಡಗೈ ಸ್ವಾಧೀನ ತಪ್ಪಿತ್ತು. ಅವರಿದ್ದ ಆಶ್ರಮದಲ್ಲಿ ನೀರಿನ ಲೋಟವನ್ನು ದಿನವೂ ತಪ್ಪದೆ ತುಂಬಿಸಿ, ಮಂಚದ ಎಡಗಡೆಯ ಸ್ಟೂಲಿನ ಮೇಲೆ ಇಡುತ್ತಿದ್ದರು. ಸಂಜೆ ಅದನ್ನು ಹಾಗೆಯೇ ಚೆಲ್ಲಿ ಹೊಸ ನೀರು ತುಂಬಿಸುತ್ತಿದ್ದರು. ಕೇಳಿದರೆ, ನೀರು ಇಟ್ಟಿದ್ದೇವಲ್ಲ ಎಂಬ ಉತ್ತರ ಬರುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುವುದರಿಂದ ನೀರು ಇಟ್ಟರೆ ಸಾಲದು, ಕೈಗೆ ಕೊಟ್ಟು ಕುಡಿಸಬೇಕು. ಆದ್ದರಿಂದ ಯಾವ ಕೋಣೆಗೆ ಹೋದರೂ ಮೊದಲು ಲೋಟ ಎಲ್ಲಿದೆ, ಕರೆಗಂಟೆ ಎಲ್ಲಿದೆ, ಕನ್ನಡಕ ಎಲ್ಲಿದೆ ಎಂಬುದನ್ನು, ಆ ಹಿರಿಯರ ಕೈ ಎಲ್ಲಿಯವರೆಗೆ ಚಾಚಬಲ್ಲದು ಎಂಬುದರೊಂದಿಗೆ ಹೋಲಿಸಿ ನೋಡಿ.

ಸಿಬ್ಬಂದಿಯ ಬಗ್ಗೆ ಕೇಳುವಾಗ ಒಟ್ಟು ಎಷ್ಟು ಜನ ಎಂದು ಕೇಳಬೇಡಿ, ಆ ಲೆಕ್ಕದಲ್ಲಿ ಅಡುಗೆಯವರೂ ಕಾವಲುಗಾರರೂ ಸೇರಿರುತ್ತಾರೆ. ರಾತ್ರಿ ಈ ಮಹಡಿಯಲ್ಲಿ ಎಚ್ಚರವಾಗಿರುವವರು ಎಷ್ಟು ಮಂದಿ, ಎದ್ದು ಓಡಾಡಲಾಗದ ಹಿರಿಯರು ಎಷ್ಟು ಮಂದಿ ಎಂದು ಕೇಳಿ. ಹಾಸಿಗೆ ಹಿಡಿದವರಿಗೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ರೂಢಿ. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಒಬ್ಬರಿಗೆ ಐದು ಬಾರಿಯಾದರೆ, ಹತ್ತು ಜನರಿಗೆ 50 ಬಾರಿಯಾಯಿತು. ಡೈಪರ್ ಬದಲಿಸುವ ಕೆಲಸ ಬೇರೆ. ಅಲ್ಲಿರುವುದು ಒಬ್ಬಳೇ ಆಯಾ ಎಂದಾದರೆ, ಆಕೆ ಎಷ್ಟೇ ಒಳ್ಳೆಯವಳಾಗಿದ್ದರೂ ಅದು ನಡೆಯದ ಮಾತು.

ನಡೆಯದೇ ಇದ್ದುದರ ಗುರುತು ಚರ್ಮದ ಮೇಲೆ ಉಳಿಯುತ್ತದೆ. ಎಲ್ಲರೂ ಬೆಡ್‌ಸೋರ್ ಎಂದು ಕರೆಯುವ ಹುಣ್ಣು ಮೊದಲು ಏಳುವುದು ಹಿಮ್ಮಡಿ, ಸೊಂಟದ ಪಕ್ಕದ ಮೂಳೆ ಮತ್ತು ಬೆನ್ನಿನ ತೀರ ಕೆಳಭಾಗದಲ್ಲಿ. ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದು ತಿಳಿಯಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಬದಲಾವಣೆ ಕಣ್ಣಿಗೆ ಸುಲಭವಾಗಿ ಕಾಣಿಸದ ಕಾರಣ, ಆ ಜಾಗ ಸುತ್ತಲಿನದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋವು ಎನ್ನುತ್ತಾರೆಯೇ ಎಂದು ಅಂಗೈಯಿಂದ ನೋಡಬೇಕು. ಅದನ್ನು ತಿಕ್ಕಬಾರದು, ಅದರಿಂದ ಚರ್ಮ ಇನ್ನಷ್ಟು ಕೆಡುತ್ತದೆ.

ಊಟದ ವಿಷಯದಲ್ಲಿ ಗೋಡೆಗೆ ಅಂಟಿಸಿದ ಮೆನುವಿಗಿಂತ ತುತ್ತು ಕೊಡುವ ಕೈಯನ್ನು ನೋಡುವುದು ಮೇಲು. ಹಿರಿಯರನ್ನು ನೆಟ್ಟಗೆ ಕೂರಿಸಿದ್ದಾರೆಯೇ, ಹಲ್ಲುಸೆಟ್ಟು ಹಾಕಿದ್ದಾರೆಯೇ, ಬಾಯಲ್ಲಿದ್ದುದನ್ನು ನುಂಗುವವರೆಗೆ ಕಾಯುತ್ತಾರೆಯೇ, ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸದೆ ಕೂರಿಸಿರುತ್ತಾರೆಯೇ ಎಂಬುದನ್ನು ಗಮನಿಸಿ. ತುತ್ತಿಗೊಮ್ಮೆ ಕೆಮ್ಮುವವರಿಗೆ ಅವಸರದಲ್ಲಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಬಳಿಕ ತೂಕ ಬರೆದಿಡುವ ಪುಸ್ತಕವನ್ನು ಕೇಳಿ. ಪ್ರಯತ್ನಪಡದೆ ಒಂದು ತಿಂಗಳಲ್ಲಿ ಶೇ 5ರಷ್ಟು ತೂಕ ಇಳಿಯುವುದು, ಅಂದರೆ 50 ಕಿಲೊ ಇದ್ದವರು ನಲವತ್ತೇಳೂವರೆಗೆ ಬರುವುದು, ವೈದ್ಯರಿಗೆ ಹೇಳಲೇಬೇಕಾದ ಸಂಗತಿ. ಅಂತಹ ಪುಸ್ತಕವೇ ಇಲ್ಲದಿದ್ದರೆ ಇಳಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಮೂತ್ರದ ವಾಸನೆ ಕೆಟ್ಟ ಗುರುತೆಂದು ಎಲ್ಲರಿಗೂ ಗೊತ್ತು. ಕಣ್ಣಲ್ಲಿ ನೀರು ಬರಿಸುವ ಫಿನಾಯಿಲಿನ ಘಾಟನ್ನೂ ನಾನು ಅದೇ ಲೆಕ್ಕಕ್ಕೆ ಸೇರಿಸುತ್ತೇನೆ. ಬಚ್ಚಲಿನಲ್ಲಿ ಹಿಡಿಕಂಬಿ ಇದೆಯೇ, ರಾತ್ರಿ ಸಣ್ಣ ದೀಪ ಉರಿಯುತ್ತದೆಯೇ ಎಂಬುದನ್ನು ನೋಡಲು ಎರಡು ನಿಮಿಷ ಸಾಕು.

ಇದ್ದಕ್ಕಿದ್ದಂತೆ ಯಾರಾದರೂ ಗೊಂದಲಗೊಂಡು ಅಸಂಬದ್ಧವಾಗಿ ಮಾತನಾಡತೊಡಗಿದರೆ ನೀವು ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಅಲ್ಲಿನ ನರ್ಸ್‌ಗೆ ತಪ್ಪದೆ ಕೇಳಬೇಕು. ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದೆಂದು ಪರೀಕ್ಷಿಸಿ ವೈದ್ಯರನ್ನು ಕರೆಸುತ್ತೇವೆ ಎನ್ನುವವರಿಗೂ, ವಯಸ್ಸಾಯಿತಲ್ಲ ಎನ್ನುವವರಿಗೂ ಅಜಗಜಾಂತರವಿದೆ. ಮಧ್ಯಾಹ್ನ ನಾಲ್ಕಕ್ಕೂ ಎಲ್ಲರೂ ತೂಕಡಿಸುತ್ತಿದ್ದರೆ, ನಿದ್ದೆಯ ಔಷಧವನ್ನು ಯಾರ ಚೀಟಿಯ ಮೇಲೆ ಕೊಡುತ್ತಿದ್ದಾರೆಂದು ಕೇಳಲು ಸಂಕೋಚ ಬೇಡ.

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಆಸ್ಪತ್ರೆ ಎಂದೇ ಅರ್ಥ, ವೃದ್ಧಾಶ್ರಮದ ಫಲಕದಲ್ಲಿ ನರ್ಸಿಂಗ್ ಎಂಬ ಪದ ಕಂಡರೆ ವೈದ್ಯರು ಅಲ್ಲಿಯೇ ಇರುತ್ತಾರೆಂದು ಭಾವಿಸಬಾರದು. ವೈದ್ಯರು ವಾರದ ಯಾವ ದಿನ ಬರುತ್ತಾರೆ, ರಾತ್ರಿ ಎರಡಕ್ಕೆ ಎದೆನೋವು ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಅಲ್ಲಿ ಜೊತೆಗೆ ಯಾರು ಇರುತ್ತಾರೆ, ಡೈಪರ್ ಮತ್ತು ಫಿಸಿಯೋಥೆರಪಿಯ ಖರ್ಚು ತಿಂಗಳ ಶುಲ್ಕದಲ್ಲಿ ಸೇರಿದೆಯೇ, ಬಿಟ್ಟು ಹೊರಟರೆ ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸು ಎಂಬುದೆಲ್ಲ ಕರಾರುಪತ್ರದಲ್ಲಿ ಬರಹದಲ್ಲಿರಲಿ.

ಸೇರಿಸಿದ ಮೇಲೂ ಹೇಳದೆ ಹೋಗುವ ಅಭ್ಯಾಸ ಬಿಡಬೇಡಿ. ದೂರು ಇದ್ದರೆ ದಿನಾಂಕ ಸಹಿತ ಬರೆದು ಕೊಡಿ. ಅದಕ್ಕೂ ಜಗ್ಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಹೊರದೇಶದಲ್ಲಿರುವ ಮಕ್ಕಳು ಊರಿನಲ್ಲಿರುವ ನೆಂಟರೊಬ್ಬರನ್ನು ಈ ಕೆಲಸಕ್ಕೆ ಒಪ್ಪಿಸಬೇಕು. ವಿಡಿಯೊ ಕರೆಯಲ್ಲಿ ಅಮ್ಮನ ತಲೆ ಬಾಚಿ, ಹಣೆಗೆ ಕುಂಕುಮವಿಟ್ಟು ತೋರಿಸುತ್ತಾರೆ. ಒಮ್ಮೆ ಹೊದಿಕೆ ಸರಿಸಿ ಹಿಮ್ಮಡಿ ತೋರಿಸಿ ಎಂದು ಕೇಳಿ.