ಅವ್ವನ ಹಲ್ಲಿಗಾಗಿ 11 ಸಲ

ಮದುವೆ ಮನೆಗಳಲ್ಲಿ ನಮ್ಮ ಅವ್ವ ಯಾವಾಗಲೂ ಕೊನೆಯ ಪಂಕ್ತಿಗೇ ಕೂರುತ್ತಿದ್ದಳು. ಕೆಲಸ ಮುಗಿಸಿ ಕೂರುತ್ತಾಳೆ ಎಂದು ನಾನು ತಿಳಿದಿದ್ದೆ. ಹೋದ ವರ್ಷ ತಂಗಿಯ ಮಗಳ ಮದುವೆಯಲ್ಲಿ ಪಕ್ಕದಲ್ಲೇ ಕೂತಾಗ ಕಣ್ಣಿಗೆ ಬಿತ್ತು. ನಾವೆಲ್ಲ ಮಜ್ಜಿಗೆಗೆ ಬಂದಿದ್ದೆವು, ಅವಳು ಇನ್ನೂ ಪಲ್ಯವನ್ನು ಒಸಡಿನಲ್ಲಿ ಅರೆಯುತ್ತಿದ್ದಳು. ಕೊನೆಯ ಪಂಕ್ತಿಯಾದರೆ ಎಲೆಗಾಗಿ ಕಾಯುವವರು ಬೆನ್ನ ಹಿಂದೆ ನಿಂತಿರುವುದಿಲ್ಲ.

ಅವಳಿಗೆ 68 ವರ್ಷ. ಬಾಯಲ್ಲಿ ಉಳಿದಿದ್ದದ್ದು ಅಲ್ಲಾಡುವ ಐದು ಹಲ್ಲು. ಚಿತ್ರದುರ್ಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಇದನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಹಾಗಾಗಿ ಹಲ್ಲಿಲ್ಲದವರ ಊಟವೂ ಹೇಗೋ ನಡೆದುಹೋಗುತ್ತದೆ. "ಮುದ್ದೆ ನುಂಗುವುದಕ್ಕೆ ಹಲ್ಲು ಯಾಕೆ?" ಎಂದು ಅಣ್ಣನೇ ಕೇಳಿದ. ಕಾಳು, ಸೊಪ್ಪು, ರೊಟ್ಟಿ ಒಂದೊಂದಾಗಿ ಅವಳ ತಟ್ಟೆ ಬಿಟ್ಟುಹೋಗಿದ್ದನ್ನು ಯಾರೂ ಲೆಕ್ಕ ಇಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ, ಆ ನೋವು ನನಗೆ ಈಗಲೂ ಇದೆ.

ಬಾಯಿಗೆ ಹಾಕಿ ತೆಗೆಯುವ ಹೊಸ ಹಲ್ಲಿನ ಸೆಟ್ ಮಾಡಿಸಲು ಖಾಸಗಿ ಕ್ಲಿನಿಕ್‌ನಲ್ಲಿ ಎರಡೂ ಸಾಲಿಗೆ 18,000 ರೂಪಾಯಿ ಹೇಳಿದರು. ನಾನು ಬಟ್ಟೆ ಹೊಲಿಯುವವಳು. ಅಷ್ಟು ಹಣ ಕೂಡಿಸಲು ಎಷ್ಟು ರವಿಕೆ ಹೊಲಿಯಬೇಕೆಂದು ಎಣಿಸಿ, ಸರ್ಕಾರಿ ಆಸ್ಪತ್ರೆಯ ದಾರಿ ಹಿಡಿದೆ.

ಮೊದಲ ದಿನ ದಂತ ವೈದ್ಯರೇ ಇರಲಿಲ್ಲ. ಅವರು ವಾರದಲ್ಲಿ ಮೂರು ದಿನ ಮಾತ್ರ ಅಲ್ಲಿ, ಉಳಿದ ದಿನ ಬೇರೆ ಕಡೆ ನಿಯೋಜನೆ. ಈ ಮಾತು ಯಾವ ಫಲಕದ ಮೇಲೂ ಇರಲಿಲ್ಲ. ಎರಡನೆಯ ಸಲ ವೈದ್ಯರು ಸಿಕ್ಕರು, ಅವ್ವನ ರಕ್ತದೊತ್ತಡ 170ಕ್ಕೆ ಏರಿತ್ತು. ಆಸ್ಪತ್ರೆ ಎಂದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ಅವಳು ತಿಂಡಿಯನ್ನೂ ಬಿಟ್ಟಿದ್ದಳು, ಬಿ.ಪಿ. ಮಾತ್ರೆಯನ್ನೂ ಬಿಟ್ಟಿದ್ದಳು. ವಾಪಸ್ ಕಳಿಸಿದರು. ಅದು ವೈದ್ಯರ ತಪ್ಪಲ್ಲ, ಹಲ್ಲು ಕೀಳಿಸುವ ದಿನ ಹೊಟ್ಟೆ ತುಂಬಾ ತಿಂದು, ದಿನದ ಮಾತ್ರೆ ನುಂಗಿಯೇ ಹೋಗಬೇಕೆಂದು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ಮೇಲೆ ಮಾತ್ರೆಯ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯತೊಡಗಿದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಂತೂ ಅದನ್ನು ತಾವಾಗಿ ನಿಲ್ಲಿಸದೆ, ವೈದ್ಯರಿಗೆ ತೋರಿಸಿ ಕೇಳಬೇಕು.

ಮೂರು, ನಾಲ್ಕನೆಯ ಸಲಕ್ಕೆ ಅಲ್ಲಾಡುವ ಐದೂ ಹಲ್ಲು ಕಿತ್ತದ್ದಾಯಿತು. ಒಂದು ಪೈಸೆ ಖರ್ಚಿಲ್ಲ, ಕೈ ಹಗುರವಾಗಿತ್ತು ಎಂದು ಅವ್ವ ಹೊಗಳಿದಳು. ಆದರೆ ಹೊಸ ಹಲ್ಲಿನ ಸೆಟ್ ಅಲ್ಲಿ ಆಗುವುದಿಲ್ಲ. ಸೆಟ್ ಮಾಡಲು ಪ್ರಯೋಗಾಲಯ ಬೇಕು, ಹಲ್ಲು ಜೋಡಿಸುವ ತಂತ್ರಜ್ಞ ಬೇಕು. ಕೀಳುವುದು ತಾಲ್ಲೂಕಿನಲ್ಲಿ, ಕಟ್ಟುವುದು ದೂರದ ಊರಿನಲ್ಲಿ. ಎಷ್ಟೋ ಮುದುಕರು ಈ ಎರಡರ ನಡುವೆಯೇ ನಿಂತುಬಿಡುತ್ತಾರೆ. ಕೀಳಿಸಿಕೊಂಡು ಮನೆಗೆ ಬಂದವರು ಮತ್ತೆ ಹೊರಡುವುದೇ ಇಲ್ಲ.

ಬಿಪಿಎಲ್ ಕಾರ್ಡಿರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯ ಬಗ್ಗೆ ಹೇಳಿದವರು ಆ ವೈದ್ಯರೇ. ದಂತ ವೈದ್ಯಕೀಯ ಕಾಲೇಜಿಗೆ ಹೋಗಿ ವಿಚಾರಿಸಿ ಎಂದರು. ನಾವು ಹೋದದ್ದು ದಾವಣಗೆರೆಯ ಕಾಲೇಜಿಗೆ. ಹಲ್ಲು ಕಿತ್ತ ಜಾಗ ಮಾಗಲು ಎರಡು ತಿಂಗಳಾದರೂ ಬೇಕು. ಆ ಎರಡು ತಿಂಗಳು ಸುಮ್ಮನೆ ಕೂರದೆ ಮೊದಲೇ ಹೋಗಿ ಹೆಸರು ಬರೆಸಿದ್ದು ನಾನು ಮಾಡಿದ ಒಳ್ಳೆಯ ಕೆಲಸ. ಮಾಗುವ ಹೊತ್ತಿಗೆ ನಮ್ಮ ಸರದಿಯೂ ಹತ್ತಿರವಾಗಿತ್ತು. ಕಾರ್ಡಿನ ಜೆರಾಕ್ಸ್ ಸಾಲದೆ ಮೂಲ ಪ್ರತಿಯನ್ನೇ ಕೇಳಿದರು. ಪುಣ್ಯಕ್ಕೆ ಅಣ್ಣನ ಮನೆಯಿಂದ ತಂದಿದ್ದೆ.

ಕಾಲೇಜಿನಲ್ಲಿ ಕೆಲಸ ಮಾಡುವವರು ವಿದ್ಯಾರ್ಥಿಗಳು, ಪ್ರತಿ ಹಂತವನ್ನೂ ಅಧ್ಯಾಪಕರು ನೋಡಿ ಒಪ್ಪಬೇಕು. ಕ್ಲಿನಿಕ್‌ನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವುದಕ್ಕೆ ಇಲ್ಲಿ ಅರ್ಧ ದಿನ. ಕಲಿಯುವ ಮಕ್ಕಳ ಕೈಗೆ ಅವ್ವನನ್ನು ಒಪ್ಪಿಸಲು ಮೊದಲು ಹೆದರಿದೆ. ನೋಡುತ್ತ ನೋಡುತ್ತ ಹೆದರಿಕೆ ಹೋಯಿತು. ಅವರಿಗೂ ಇಂತಿಷ್ಟು ಸೆಟ್ ಮಾಡಿ ತೋರಿಸಬೇಕೆಂಬ ಲೆಕ್ಕವಿದೆ, ಆದ್ದರಿಂದ ನಮ್ಮನ್ನು ಅರ್ಧದಲ್ಲಿ ಬಿಡುವುದಿಲ್ಲ. ಅವ್ವನ ಸೆಟ್ ಮಾಡುವ ಹುಡುಗಿಯ ಹೆಸರು, ಮೊಬೈಲ್ ನಂಬರು, ಫೈಲ್ ಸಂಖ್ಯೆಯನ್ನು ನನ್ನ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಪರೀಕ್ಷೆ, ರಜೆಯ ದಿನಗಳನ್ನು ಅವಳಿಂದಲೇ ಕೇಳಿಕೊಂಡೆ. ಹೊರಡುವ ಹಿಂದಿನ ಸಂಜೆ ಒಂದು ಫೋನ್ ಮಾಡಿದರೆ ಒಂದು ದಿನದ ದುಡಿಮೆ ಉಳಿಯುತ್ತದೆ.

ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಅದಿಲ್ಲದಿದ್ದರೆ ಇಬ್ಬರೂ ಅಷ್ಟು ಸಲ ಓಡಾಡುವುದು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ಬದುಕಿದ್ದು ಅವನಿಗೆ ಹಲ್ಲು ಬೇಕಾಗಿದ್ದರೆ ಏನು ಮಾಡುತ್ತಿದ್ದೆನೋ.

ಕಾಲೇಜಿಗೆ ಏಳು ಸಲ ಹೋದೆವು. ತಪಾಸಣೆಯ ದಿನ ಬಾಯಿಯನ್ನೆಲ್ಲ ದೀಪ ಹಿಡಿದು ನೋಡಿದರು. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯೇ ಎಂದು ನೋಡುವುದಂತೆ, ಅವ್ವನಿಗೆ ಇರಲಿಲ್ಲ. ಮೊದಲ ಅಚ್ಚಿನ ದಿನ ತಟ್ಟೆಯಲ್ಲಿ ಹಿಟ್ಟಿನಂಥ ಲೇಪ ತುಂಬಿ ಬಾಯಿಗಿಟ್ಟಾಗ ಅವ್ವನಿಗೆ ವಾಕರಿಕೆ ಬಂತು. ತಲೆ ಮುಂದಕ್ಕೆ ಬಾಗಿಸಿ ಮೂಗಿನಲ್ಲಿ ಉಸಿರಾಡಿ ಎಂದು ಹುಡುಗಿ ಹೇಳಿಕೊಟ್ಟಳು, ತಡೆದುಕೊಂಡಳು. ಆಮೇಲೆ ಎರಡನೆಯ ಅಚ್ಚು, ದವಡೆಯ ಅಳತೆ.

ಐದನೆಯ ಸಲದ ಬಗ್ಗೆ ಬಿಡಿಸಿ ಹೇಳಬೇಕು. ಅಂದು ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಿಗಿಟ್ಟು ನೋಡುತ್ತಾರೆ. ಬದಲಿಸಬೇಕಾದ್ದನ್ನೆಲ್ಲ ಅಂದೇ ಹೇಳಬೇಕು, ಗಟ್ಟಿಯಾದ ಮೇಲೆ ಹಲ್ಲಿನ ಜಾಗ ಬದಲಿಸಲಾಗದು. ಅವ್ವ ಡಾಕ್ಟರ ಮುಂದೆ ಕೇಳಿದ್ದಕ್ಕೆಲ್ಲ "ಸರಿ ಇದೆ" ಎನ್ನುತ್ತಿದ್ದಳು. ರವಿಕೆಯ ತೋಳು ಬಿಗಿಯಾಗಿದ್ದರೂ "ಸರಿ ಇದೆ" ಎನ್ನುವ ಗಿರಾಕಿಗಳನ್ನು ನಾನು ದಿನವೂ ನೋಡುತ್ತೇನೆ. ಕನ್ನಡಿ ಕೊಟ್ಟು, ಮೊಮ್ಮಗ ಸತೀಶನ ಹೆಸರು ಕೂಗಲು ಹೇಳಿದೆ. ಸಕಾರ ತೊದಲಿತು, ಮೇಲಿನ ತುಟಿ ಉಬ್ಬಿತ್ತು. ಅಧ್ಯಾಪಕರು ಬಂದು ಮುಂದಿನ ಹಲ್ಲುಗಳನ್ನು ಕೊಂಚ ಒಳಗೆ ಕೂಡಿಸಿದರು.

ಸೆಟ್ ಕೈಗೆ ಬಂದ ವಾರವೇ ಕೆಳ ಒಸಡಿನಲ್ಲಿ ಹುಣ್ಣಾಯಿತು. ಅವ್ವ ಸೆಟ್ ತೆಗೆದು ಡಬ್ಬಿಗೆ ಹಾಕಿಟ್ಟಳು. ಮನೆಯಲ್ಲೇ ಉಜ್ಜಿ ಸರಿಮಾಡುತ್ತೇನೆಂದು ಅಣ್ಣ ಅರ ಹಿಡಿದು ಬಂದ, ತಡೆದೆ. ಕಾಲೇಜಿಗೆ ಹೋಗುವ ಹಿಂದಿನ ದಿನ ಸೆಟ್ ಹಾಕಿಕೊಂಡಿದ್ದರೆ ಮಾತ್ರ ಎಲ್ಲಿ ಒತ್ತುತ್ತದೆ ಎಂಬ ಗುರುತು ವೈದ್ಯರಿಗೆ ಕಾಣುತ್ತದೆ. ರಾತ್ರಿ ತೆಗೆದು ತಣ್ಣೀರಲ್ಲಿಡುತ್ತಾಳೆ. ಕೈ ಜಾರಿದರೂ ಒಡೆಯದಿರಲೆಂದು ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯುತ್ತಾಳೆ.

ಹಲ್ಲಿನ ಹಣ ಉಳಿಯಿತು, 11 ದಿನದ ಹೊಲಿಗೆ ಹೋಯಿತು. ಕೂಲಿಗೆ ಹೋಗುವ ಮಗಳಿಗೆ, ಜೊತೆಗೆ ಬರುವವರಿಲ್ಲದ ಮುದುಕಿಗೆ ಆ 11 ದಿನಗಳೇ ದೊಡ್ಡ ಬೆಲೆ. ಅಚ್ಚು ತೆಗೆಯುವ ಕೆಲಸವಾದರೂ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಿ, ಅಚ್ಚು ಮಾತ್ರ ದಾವಣಗೆರೆಗೆ ಹೋಗುವಂತಿದ್ದರೆ ಅರ್ಧ ಓಡಾಟ ತಪ್ಪುತ್ತಿತ್ತು. ಕೇಳಬೇಕಾದವರನ್ನು ಇದನ್ನೇ ಕೇಳುತ್ತಿದ್ದೇನೆ.

ಕೆಳಗಿನ ಸೆಟ್ ಬಲಗಡೆ ಇನ್ನೂ ಒತ್ತುತ್ತದೆ. ಗುರುವಾರ ಮತ್ತೆ ಹೊರಟಿದ್ದೇವೆ. ಎದುರು ಮನೆಯ ಅಜ್ಜಿಯೂ ಬರುತ್ತಾಳೆ. ತಿಂಡಿ ತಿಂದು, ಮಾತ್ರೆ ನುಂಗಿ, ರೇಷನ್ ಕಾರ್ಡ್ ಹಿಡಿದು ಆರೂಕಾಲಿಗೆ ಬಸ್ಸಿನ ಹತ್ತಿರ ಬಾ ಎಂದಿದ್ದೇನೆ.