ಟ್ಯೂಬಿನ ಕಪ್ಪು

ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಪೇಂಟಿಂಗ್ ಓದಿ, ಎರಡು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, ಆಮೇಲೆ ಬೆಂಗಳೂರಿನ ಒಂದು ವಿಷುವಲ್ ಎಫೆಕ್ಟ್ಸ್ ಸ್ಟುಡಿಯೋದಲ್ಲಿ ರೋಟೋ ಕೆಲಸಕ್ಕೆ ಸೇರಿದೆ. ಚಿತ್ರೀಕರಿಸಿದ ಶಾಟ್‌ನಲ್ಲಿ ನಟನ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವುದೇ ರೋಟೋ. ಗೆರೆ ತಾನೇ, ಐದು ವರ್ಷ ಮಾಡಿದ್ದೇ ಅದನ್ನು ಅಂದುಕೊಂಡೆ.

ಮೊದಲ ಶಾಟ್ ನಾಲ್ಕು ಸೆಕೆಂಡಿನದು. ಸೆಕೆಂಡಿಗೆ 24ರಂತೆ 96 ಫ್ರೇಮ್. ಪ್ರತಿ ಫ್ರೇಮಿನಲ್ಲೂ ಕೈಯ ಹೊರಗೆರೆಯನ್ನು ಹೊಸದಾಗಿ ತಿದ್ದಿದೆ. ನಿಲ್ಲಿಸಿ ನೋಡಿದರೆ ಅಚ್ಚುಕಟ್ಟು. ಓಡಿಸಿದರೆ ಅಂಚು ಒಲೆ ಮೇಲಿನ ಸಾರಿನ ಹಾಗೆ ಕೊತಕೊತ. ಪಕ್ಕದಲ್ಲಿ ಕೂತಿದ್ದ ಹುಡುಗ, ಪಿಯುಸಿ ಮುಗಿಸಿ ಬಂದವನು, "ಸರ್, ಇಡೀ ಕೈಗೆ ಒಂದೇ ಶೇಪ್ ಹಾಕ್ಬೇಡಿ. ತೋಳಿಗೊಂದು, ಮೊಣಕೈಯಿಂದ ಕೆಳಗೊಂದು, ಬೆರಳಿಗೊಂದೊಂದು. ಚಲನೆ ತಿರುಗೋ ಫ್ರೇಮಲ್ಲಿ ಮಾತ್ರ ಗೆರೆ ತಿದ್ದಿ ಕೀ ಹಾಕಿ, ನಡುವಿನದು ಸಾಫ್ಟ್‌ವೇರೇ ನೋಡ್ಕೊಳ್ಳುತ್ತೆ" ಅಂದ. ಕೀಲು ಎಲ್ಲಿ ಮಡಚುತ್ತದೆ ಎಂದು ಶಾಲೆ ಮಕ್ಕಳಿಗೆ ಹೇಳಿಕೊಟ್ಟವನು ನಾನು!

ಮನೆಯಲ್ಲಿ ನ್ಯೂಕ್ ಎಂಬ ಸಾಫ್ಟ್‌ವೇರಿನ ಉಚಿತ ಆವೃತ್ತಿ ಹಾಕಿಕೊಂಡು ಕಂಪೋಸಿಟಿಂಗ್, ಅಂದರೆ ಬೇರೆಬೇರೆ ಚಿತ್ರಗಳನ್ನು ಒಂದೇ ಶಾಟ್‌ನಲ್ಲಿ ಬೆರೆಸುವ ಕೆಲಸ, ಶುರುಮಾಡಿದೆ. ಬಣ್ಣದ ಲೆಕ್ಕವೇ ಉಲ್ಟಾ. ಪ್ಯಾಲೆಟ್ಟಿನಲ್ಲಿ ಕೆಂಪು, ಹಸಿರು ಕಲಸಿದರೆ ಕೆಸರು. ಪರದೆಯಲ್ಲಿ ಅವೆರಡೂ ಸೇರಿದರೆ ಹಳದಿ. ಇಲ್ಲಿ ಕೂಡುವುದು ಬೆಳಕು. ಇದು ತಲೆಗೆ ಇಳಿಯಲು ತಿಂಗಳುಗಳೇ ಹಿಡಿದವು.

ಕೊನೆಗೂ ಕಲಿತದ್ದು ಕೈಹಿಡಿದದ್ದು ಒಂದು ಬೆಟ್ಟದ ಶಾಟ್‌ನಲ್ಲಿ. ಹೊಲದಲ್ಲಿ ನಿಂತ ರೈತನ ಹಿಂದೆ ದೂರದ ಬೆಟ್ಟ ಕೂರಿಸಬೇಕು. ಬಂಡೆಗಳ ನೆರಳನ್ನು ಕಡುಕಪ್ಪಾಗಿ ಬರೆದಿದ್ದೆ. ಆಗಿರುವ ಕೆಲಸವನ್ನು ಕೂತು ನೋಡುವ ಡೈಲೀಸ್‌ನಲ್ಲಿ ಬಂದ ಮಾತು ಒಂದೇ: "ಅಂಟಿಸಿದ ಹಾಗಿದೆ." ಅಂಚು ಮೆದು ಮಾಡಿದೆ, ಬಣ್ಣ ಬದಲಿಸಿದೆ, ಊಹೂಂ. ರಾತ್ರಿ ನೆನಪಾಯಿತು: ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಚಾಮುಂಡಿ ಬೆಟ್ಟ ಬರೆಯುವಾಗ ನಮ್ಮ ಮೇಷ್ಟ್ರು ಎಲ್ಲರ ಡಬ್ಬಿಯಿಂದಲೂ ಕಪ್ಪು ಟ್ಯೂಬ್ ಕಿತ್ತುಕೊಳ್ಳುತ್ತಿದ್ದರು. ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ಬೆಳಕನ್ನು ಚೆದುರಿಸುತ್ತದೆ. ದೂರ ಹೋದಷ್ಟೂ ನೆರಳು ತೆಳುವಾಗಿ ನೀಲಿಗೆ ತಿರುಗುತ್ತದೆ.

ಮರುದಿನ ಕತ್ತಲೆಯ ಭಾಗ ಕಾಣುವಂತೆ ವ್ಯೂಯರಿನ ಗಾಮಾ ಏರಿಸಿ ಪ್ಲೇಟ್, ಅಂದರೆ ಚಿತ್ರೀಕರಿಸಿದ ಮೂಲ ಶಾಟ್, ನೋಡಿದೆ. ದೂರದ ತೋಪಿನ ಅತಿ ಕತ್ತಲೆಯ ಜಾಗದಲ್ಲೂ ಹೊಳಪಿನ ಅಂಕಿ 0.04ರ ಹತ್ತಿರ; ಸೊನ್ನೆ ಅಂದರೆ ಪೂರ್ತಿ ಕಪ್ಪು. ನನ್ನ ಬಂಡೆಯದು ಸೊನ್ನೆ! ತೋಪಿಗಿಂತ ಹಿಂದಿರುವ ಬೆಟ್ಟ ಅದಕ್ಕಿಂತ ಕಪ್ಪಾಗಿರಲು ಹೇಗೆ ಸಾಧ್ಯ? ಬಣ್ಣ ತಿದ್ದುವ ಗ್ರೇಡ್ ನೋಡ್‌ನಲ್ಲಿ ಕಪ್ಪನ್ನು ತಿಳಿಯಾಗಿಸುವ ಲಿಫ್ಟ್ ಮೇಲೆತ್ತಿ, ನೀಲಿಯನ್ನು ಒಂದು ಕೂದಲೆಳೆ ಹೆಚ್ಚು ಮಾಡಿದ್ದೇ ತಡ, ಬೆಟ್ಟ ಹಿಂದಕ್ಕೆ ಸರಿದು ಕೂತಿತು.

ಆದರೂ ಶಾಟ್ ವಾಪಸ್ ಬಂತು. ಗ್ರೇನ್, ಅಂದರೆ ಕ್ಯಾಮೆರಾ ಚಿತ್ರದಲ್ಲಿರುವ ಸಣ್ಣ ಕಣಗಳ ಮಿಡುಕು, ಮರೆತಿದ್ದೆ: ರೈತ, ಹೊಲ ಎಲ್ಲ ಸಣ್ಣಗೆ ಮಿಡುಕುತ್ತಿದ್ದರೆ ನನ್ನ ಬೆಟ್ಟ ಮಾತ್ರ ಗಾಜಿನಷ್ಟು ನುಣುಪು. ಕೆಂಪು, ಹಸಿರು, ನೀಲಿ ಒಂದೊಂದು ಚಾನೆಲ್ಲನ್ನೂ ಬೇರೆಬೇರೆಯಾಗಿ ನೋಡಿ, ನೀಲಿಯಲ್ಲಿ ತುಸು ಜಾಸ್ತಿ ಗ್ರೇನ್ ಹಾಕಿ, ಮೂರನೇ ದಿನ ಪಾಸು ಮಾಡಿಸಿಕೊಂಡೆ.