ಗಂಡಸರ ‘ಆ’ ತೊಂದ್ರೆ: ಯಾವ ಟೆಸ್ಟ್ ಮಾಡಿಸ್ಬೇಕು, ರಿಪೋರ್ಟ್ ಓದುದು ಹೇಗೆ

ನಮ್ಮ ಕಾಸರಗೋಡು ಕಡೆ ಗಂಡಸರಿಗೆ ಆಸೆ ಇಳಿದ್ರೆ, ಲಿಂಗ ಗಟ್ಟಿ ಆಗುದ್ರಲ್ಲಿ ತೊಂದ್ರೆ ಬಂದ್ರೆ ಯಾರೂ ಮೊದ್ಲು ಡಾಕ್ಟರ ಹತ್ರ ಹೋಗುದಿಲ್ಲ, ಗೋಡೆಗೆ ಅಂಟಿಸಿದ ಪೋಸ್ಟರಿನ ನಂಬರಿಗೆ ಫೋನ್ ಮಾಡ್ತಾರೆ, ಇಲ್ಲಾಂದ್ರೆ ಗಲ್ಫಿಂದ ಬಂದ ದೋಸ್ತಿ ಕೊಟ್ಟ ಮಾತ್ರೆ ನುಂಗ್ತಾರೆ, ಅದೂ ಆಗದಿದ್ರೆ ಕೆಲಸ ಬಿಟ್ಟು ಬರುವಾಗ ಸಂಜೆ ಲ್ಯಾಬಿಗೆ ನುಗ್ಗಿ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಒಂದು ನೋಡಿ ಅಂತಾರೆ. ಸಂಜೆ ಕೊಟ್ಟ ಆ ರಕ್ತದ ರಿಪೋರ್ಟ್ ನಂಬಿ ಎಂತದೂ ತೀರ್ಮಾನ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ.

ಲ್ಯಾಬಿಗಿಂತ ಮೊದ್ಲು ಒಂದು ಪ್ರಶ್ನೆ ಉಂಟು. ಆಸೆಯೇ ಇಲ್ವಾ, ಅಲ್ಲ ಆಸೆ ಉಂಟು ಗಟ್ಟಿ ಆಗುದಿಲ್ವಾ? ಬೆಳಿಗ್ಗೆ ಏಳುವಾಗ ತನ್ನಷ್ಟಕ್ಕೆ ನಿಮಿರಿ, ಹೆಂಡತಿ ಹತ್ರ ಹೋಗುವಾಗ ಮಾತ್ರ ಕೈಕೊಟ್ರೆ ಮನಸ್ಸಿನ ಟೆನ್ಶನ್ ಪಾಲು ಜಾಸ್ತಿ. ಆಸೆಯೇ ಸತ್ತಹಾಗಿದ್ದು, ಸುಸ್ತು, ಗಡ್ಡ ಬೆಳೆಯುದೂ ಕಮ್ಮಿ ಅಂದ್ರೆ ಹಾರ್ಮೋನ್ ನೋಡ್ಬೇಕು. ಆಸೆ ಸರಿ ಇದ್ದು ಗಟ್ಟಿತನ ಮಾತ್ರ ನಿಧಾನಕ್ಕೆ ವರ್ಷದಿಂದ ವರ್ಷಕ್ಕೆ ಇಳೀತಾ ಬಂದಿದ್ರೆ ರಕ್ತನಾಳದ ಮೇಲೆ ಸಂಶಯ ಪಡಿ. ಹೊಟ್ಟೆ ಬಂದವರಲ್ಲಿ ಎರಡೂ ಒಟ್ಟಿಗೆ ಇರುದು ಸಾಮಾನ್ಯ.

ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳೀತದೆ. ಹಾಗಾಗಿ ಬೆಳಿಗ್ಗೆ 7ರಿಂದ 10ರ ಒಳಗೆ, ಚಾ ಸಹ ಕುಡಿಯದೆ, ಹಿಂದಿನ ರಾತ್ರಿ ಸರಿ ನಿದ್ದೆ ಮಾಡಿ ಹೋಗಿ ರಕ್ತ ಕೊಡಿ. ಜ್ವರ ಬಂದು ಮಲಗಿದ ವಾರ ಕೊಡ್ಬೇಡಿ, ಆಗ ಕಮ್ಮಿ ತೋರಿಸುದುಂಟು. ರಿಪೋರ್ಟಿನಲ್ಲಿ ಡೆಸಿಲೀಟರಿಗೆ 300 ನ್ಯಾನೋಗ್ರಾಂ (ng/dL)ಗಿಂತ ಕೆಳಗೆ ಬಂದ್ರೆ ಹೆದರುದು ಬೇಡ, ಬೇರೆ ಒಂದು ದಿನ ಬೆಳಿಗ್ಗೆ ಮತ್ತೆ ಮಾಡಿಸಿ, ಎರಡು ಸಲವೂ ಕಮ್ಮಿ ಬಂದ್ರೆ ಮಾತ್ರ ಲೆಕ್ಕ. ಆಗ ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸ್ಲಿಕ್ಕೆ ಆರ್ಡರ್ ಕೊಡುವ ಹಾರ್ಮೋನ್), ಪ್ರೊಲ್ಯಾಕ್ಟಿನ್ (ಹೆಂಗಸರಲ್ಲಿ ಎದೆಹಾಲು ತರಿಸುವ, ಗಂಡಸರಲ್ಲೂ ಸ್ವಲ್ಪ ಇರುವ ಹಾರ್ಮೋನ್), ಟಿಎಸ್‌ಎಚ್ (ಥೈರಾಯ್ಡಿನದ್ದು) ಈ ಟೆಸ್ಟ್ ಬೇಕು. ಎಲ್‌ಎಚ್ ಜಾಸ್ತಿ ಇದ್ರೆ ತೊಂದ್ರೆ ಬೀಜದಲ್ಲೇ (ವೃಷಣದಲ್ಲಿ), ಕಮ್ಮಿಯೋ ನಾರ್ಮಲೋ ಇದ್ರೆ ಮೇಲಿಂದ, ಅಂದ್ರೆ ಮೆದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯಿಂದ ಬರುವ ಆರ್ಡರೇ ಸರಿ ಇಲ್ಲ.

ಪ್ರೊಲ್ಯಾಕ್ಟಿನ್ ಬಗ್ಗೆ ಒಂದು ಮಾತು. ಗ್ಯಾಸ್ ಅಂತ ಹೇಳಿ ಮೆಡಿಕಲಿಂದ ತಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ, ಪ್ಯಾಂಟೊಪ್ರಜೋಲ್ ಒಟ್ಟಿಗೆ ಡಾಂಪೆರಿಡೋನ್ ಅಂತ ಬರೆದಿರ್ತದೆ ಹಲವದ್ರಲ್ಲಿ. ಈ ಡಾಂಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸ್ತದೆ, ಅದು ಏರಿದ್ರೆ ಆಸೆ ಇಳೀತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಹಾಗೆಯೇ, ಆದ್ರೆ ಅದನ್ನು ಡಾಕ್ಟರನ್ನು ಕೇಳದೆ ನಿಲ್ಲಿಸ್ಲೇಬೇಡಿ.

ಇನ್ನು ಉರಿಯೂತ, ಅಂದ್ರೆ ಇನ್‌ಫ್ಲಮೇಶನ್. ಇದನ್ನು ಯಾರೂ ಲೆಕ್ಕಕ್ಕೇ ಇಡುದಿಲ್ಲ, ನನ್ನ ಪ್ರಕಾರ ನಲ್ವತ್ತು ದಾಟಿದವರಲ್ಲಿ ಕಥೆ ಇರುದು ಇಲ್ಲೇ. ನಿಮಿರ್ಬೇಕಾದ್ರೆ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡ್ಬೇಕು, ಆಗ ನಾಳ ಸಡಿಲ ಆಗಿ ರಕ್ತ ನುಗ್ತದೆ. ಹೊಟ್ಟೆಯೊಳಗಿನ ಕೊಬ್ಬು, ಶುಗರ್, ಬೀಡಿ ಸಿಗರೇಟು ಇವೆಲ್ಲ ಸೇರಿ ಆ ಪದರವನ್ನು ಸದಾ ಕೆರಳಿಸಿಯೇ ಇಡ್ತವೆ, ನೈಟ್ರಿಕ್ ಆಕ್ಸೈಡ್ ಸಾಕಾಗುದಿಲ್ಲ. ಅದೇ ಕೊಬ್ಬು ಟೆಸ್ಟೋಸ್ಟೆರಾನನ್ನು ಈಸ್ಟ್ರೋಜೆನ್ ಮಾಡಿಬಿಡ್ತದೆ, ಎರಡು ಕಡೆಯಿಂದಲೂ ಪೆಟ್ಟು. ಲಿಂಗದ ರಕ್ತನಾಳ 1–2 ಮಿಲಿಮೀಟರ್ ಅಗಲ, ಹೃದಯದ್ದು 3–4, ಅಡಿಕೆ ತೋಟದಲ್ಲಿ ದೊಡ್ಡ ಪೈಪಿಗಿಂತ ಮೊದ್ಲು ನೀರು ಚಿಮ್ಮುವ ಸಣ್ಣ ಜೆಟ್ ಕಟ್ಟಿಕೊಳ್ತದಲ್ಲ, ಹಾಗೆ ಇಲ್ಲಿಯೂ ಸಣ್ಣದ್ರಲ್ಲಿ ಮೊದ್ಲು ಗೊತ್ತಾಗ್ತದೆ. ಹಾರ್ಟ್ ತೊಂದ್ರೆ ಕಾಣುವ ಎರಡು ಮೂರು ವರ್ಷ ಮೊದ್ಲೇ ಇಲ್ಲಿ ಶುರುವಾಗಿರುದುಂಟು. ಹಾಗಾಗಿ ಹಾರ್ಮೋನ್ ಒಂದನ್ನೇ ನೋಡಿ ಬಿಡ್ಬೇಡಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್, ಬಿಪಿ ಇವನ್ನೂ ಮಾಡಿಸಿ. ಎಚ್‌ಬಿಎ1ಸಿ 6.5 ಅಥವಾ ಮೇಲೆ ಅಂದ್ರೆ ಶುಗರ್. ಎಚ್‌ಎಸ್‌-ಸಿಆರ್‌ಪಿ ಅಂತ ಉರಿಯೂತ ಅಳೆಯುವ ಟೆಸ್ಟ್ ಒಂದುಂಟು (ಲೆಕ್ಕ mg/Lನಲ್ಲಿ), ಡಾಕ್ಟರು ಹೇಳಿದ್ರೆ ಮಾಡಿಸಿ, 1ಕ್ಕಿಂತ ಕಮ್ಮಿ ಒಳ್ಳೇದು, 3ರ ಮೇಲೆ ಜಾಸ್ತಿ, 10 ದಾಟಿದ್ರೆ ಬಹುಶಃ ಎಲ್ಲೋ ಇನ್‌ಫೆಕ್ಷನ್ ಇರ್ಬೇಕು, ಗುಣ ಆದ ಮೇಲೆ ಮತ್ತೆ ನೋಡಿ. ವಸಡಿನಲ್ಲಿ ರಕ್ತ ಬರುವವರು ಹಲ್ಲಿನ ಡಾಕ್ಟರಿಗೂ ತೋರಿಸಿ, ವಸಡಿನ ಉರಿಯೂತಕ್ಕೂ ಇದಕ್ಕೂ ನಂಟುಂಟು. ಎಲೆ ಅಡಿಕೆ ಹೊಗೆಸೊಪ್ಪಿನ ಊರಲ್ಲಿ ಇದು ಸಣ್ಣ ಮಾತಲ್ಲ.

ಮನೆಯಲ್ಲಿ ಟೇಪ್ ತೆಗೆದು ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ನೋಡಿ, ಉಸಿರು ಎಳ್ಕೊಂಡು ಅಲ್ಲ ಆಯ್ತಾ. 90 ಸೆಂಟಿಮೀಟರ್ ದಾಟಿದ್ರೆ ಮೊದ್ಲ ಮದ್ದು ಅದನ್ನು ಇಳಿಸುದು, ದಿನಾ ಬೆವರುವಷ್ಟು ನಡಿಗೆ, ರಾತ್ರಿ ಪೊರೋಟ ಬಂದ್. ಗೊರಕೆ ಜೋರಿದ್ದು ಹಗಲು ತೂಕಡಿಕೆ ಬಂದ್ರೆ ಅದನ್ನೂ ಹೇಳಿ, ನಿದ್ದೆ ಕೆಟ್ರೆ ಟೆಸ್ಟೋಸ್ಟೆರಾನ್ ಇಳೀತದೆ.

ಜಿಮ್ಮಿನವರು ಹೇಳಿದ್ರು ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸ್ಕೊಳ್ಬೇಡಿ, ಹೊರಗಿಂದ ಬಂದ್ರೆ ಒಳಗೆ ತಯಾರಿ ನಿಲ್ತದೆ, ವೀರ್ಯಾಣು ಸೊನ್ನೆಗೂ ಬರಬಹುದು, ಮಕ್ಕಳು ಬೇಕಂತ ಇರುವವರಿಗೆ ಇದು ಯಾರೂ ಮೊದ್ಲೇ ಹೇಳಿರುದಿಲ್ಲ. ಗಟ್ಟಿ ಆಗ್ಲಿಕ್ಕೆ ಇರುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಡಾಕ್ಟರು ಬರೆದು ಕೊಟ್ರೆ ಬಿರಿಯಾನಿ ಹೊಡ್ದು ನುಂಗ್ಬೇಡಿ, ಎಣ್ಣೆ ತುಪ್ಪದ ಊಟದ ಮೇಲೆ ನಿಧಾನ ಆಗ್ತದೆ, ಹೆಂಡತಿ ಹತ್ರ ಹೋಗುವ ಸುಮಾರು ಒಂದು ಗಂಟೆ ಮೊದ್ಲು ತಕ್ಕೊಳ್ಳಿ, ಮತ್ತೆ ಆಸೆ ಇಲ್ಲದವನಿಗೆ ಅದು ಆಸೆ ಹುಟ್ಟಿಸುದಿಲ್ಲ. ಎದೆನೋವಿಗೆ ನಾಲಗೆ ಅಡಿ ಇಡುವ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ತಗೊಳ್ಳುವವರು ಇದನ್ನು ಮುಟ್ಲೇಬಾರದು, ಬಿಪಿ ಒಮ್ಮೆಲೇ ಬಿದ್ದು ಜೀವಕ್ಕೇ ಅಪಾಯ. ಮಾತ್ರೆ ನುಂಗಿದ ರಾತ್ರಿ ಎದೆನೋವು ಬಂದ್ರೆ ನಾಚಿಕೆ ಬಿಟ್ಟು ಆಸ್ಪತ್ರೆಯಲ್ಲಿ ಮೊದ್ಲು ಹೇಳ್ಬೇಕಾದ ಮಾತು ಇದೇ, ಎಂತ ನುಂಗಿದ್ದು, ಎಷ್ಟು ಗಂಟೆಗೆ.